ಬೇಕರಿ ಲಾಲಸಾಬನೂ ಗೋಧಿ ತೌಡೂ

ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಹೊಸಬರು ಲಾಲಸಾಬನ ಬೇಕರಿ ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಭಟ್ಟಿಯಿಂದ ಪಾವು ಬ್ರೆಡ್ಡು ಹೊರಬರುವ ಹೊತ್ತಿಗೆ ಆ ವಾಸನೆಯೇ ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು. ಒಳಗೆ ಕಾಲಿಟ್ಟರೆ ಎದುರಿಗೇ ಅವನು: ತೋಳಿನ ಬನಿಯನ್ನು, ಮೊಣಕೈವರೆಗೆ ಮೈದಾ, ಲುಂಗಿಯ ಗಂಟಿನ ಮೇಲೆ ಇಳಿಬಿದ್ದ ಹೊಟ್ಟೆ. ನಲವತ್ತೈದು ದಾಟುವಷ್ಟರಲ್ಲಿ ಆ ಹೊಟ್ಟೆ ಎಷ್ಟು ಬೆಳೆದಿತ್ತೆಂದರೆ, ಭಟ್ಟಿಯ ಬಾಯಿಗೆ ಬಗ್ಗಿ ಪಾವಿನ ತಗಡು ಎಳೆಯುವ ಕೆಲಸವನ್ನು ಅವನು ಆಳುಗಳಿಗೆ ಬಿಟ್ಟು, ಹಿಟ್ಟು ನಾದುವುದನ್ನಷ್ಟೇ ತನ್ನ ಪಾಲಿಗೆ ಇಟ್ಟುಕೊಂಡಿದ್ದ.

ಹೆಂಡತಿ ಶಮಶಾದಳಿಗೆ ಆ ಹೊಟ್ಟೆಯ ಬಗ್ಗೆ ಒಳಗೊಳಗೇ ಹೆಮ್ಮೆ. ನಿಕಾಹದ ದಿನ ಶೇರವಾನಿಯೊಳಗೆ ಬಿದಿರುಕೋಲು ನಿಲ್ಲಿಸಿದಂತಿದ್ದ ಗಂಡ ತನ್ನ ಕೈಯಡುಗೆ ಉಂಡು ಹೀಗಾದ ಎಂದು ಅವಳು ತವರಿನವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಲಾಲಸಾಬನಿಗೂ ಅದರಲ್ಲಿ ನಾಚಿಕೆಯಿರಲಿಲ್ಲ. ಅವನು ಹಸಿವನ್ನು ಚೆನ್ನಾಗಿ ಬಲ್ಲವನು. ತಾಯಿ ಸತ್ತಾಗ ಅವನಿನ್ನೂ ಹುಡುಗ, ತಂಗಿ ಚಾಂದಬೀ ತೊಟ್ಟಿಲ ಕೂಸು. ಹಿರೋಳ್ಳಿಗೆ ಮದುವೆಯಾಗಿ ಹೋಗಿದ್ದ ಅಕ್ಕ ವಜೀರುನ್ನಿಸಾ ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ದು ಸಾಕಿದ್ದಳು. ಅಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನ ಖಾರ. ಅದೂ ಇಲ್ಲದಾಗ ಜೋಳದ ನುಚ್ಚು. ಸೋಲಾಪುರದಲ್ಲಿ ಕೆಲಸ ಕಲಿತು ಬಂದು ಆಳಂದದಲ್ಲಿ ಸ್ವಂತ ಭಟ್ಟಿ ಹಾಕಿದ ದಿನ ಅವನು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ: ಇನ್ನು ಮೇಲೆ ಈ ಬಾಯಿ ಜೋಳ ಮುಟ್ಟುವುದಿಲ್ಲ. ಹಾಗೇ ನಡೆದ. ಮುಂಜಾನೆ ಚಹಾದ ಜೊತೆ ಬನ್ನು, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಖಾರಿ ಬಿಸ್ಕತ್ತು, ರಾತ್ರಿ ಮಟನ್ ಸಾರಿಗೆ ಅದ್ದಿದ ಪಾವು.

ಅವನು ಆಪಾ ಎಂದು ಕರೆಯುತ್ತಿದ್ದ ವಜೀರುನ್ನಿಸಾ ಮಾತ್ರ ಹಿರೋಳ್ಳಿಯಲ್ಲಿ ಅದೇ ರೊಟ್ಟಿ, ಅದೇ ಪಲ್ಯದ ಮೇಲೆ ಇದ್ದಳು. ಗಂಡ ತೀರಿಕೊಂಡ ಮೇಲೂ ಹೊಲಕ್ಕೆ ಹೋಗುತ್ತಿದ್ದಳು. ಆಳಂದದ ಸಂತೆಗೆ ಬಂದಾಗ ತಮ್ಮ ಟೋಸ್ಟಿನ ಪೊಟ್ಟಣ ಕೊಟ್ಟರೆ ತೆಗೆದುಕೊಂಡು, ಬಸ್ಸಿನಲ್ಲಿ ಅಳುವ ಯಾರದೋ ಕೂಸಿನ ಕೈಗೆ ಕೊಟ್ಟುಬಿಡುತ್ತಿದ್ದಳು.

"ನೀ ಯಾಕ ತಿನ್ನಂಗಿಲ್ಲ ಆಪಾ?" ಎಂದು ಒಮ್ಮೆ ಕೇಳಿದ್ದ.

"ಹಲ್ಲಿಗೆ ಅಂಟತದ, ಹೊಟ್ಟಿಗೆ ತಿಂದಂಗ ಆಗಂಗಿಲ್ಲ ತಮ್ಮಾ. ನನಗ ರೊಟ್ಟೀನ ಬೇಕು."

ಎಂಬತ್ತೈದನೆಯ ಇಸವಿಯಲ್ಲಿ ಆಪಾ ಸೊರಗತೊಡಗಿದಳು. ಮೊದಲೇ ಒಣಕಲು ಜೀವ. ಇನ್ನಷ್ಟು ಒಣಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬಯಲಿಗೆ ಹೋದಾಗ ರಕ್ತ ಕಾಣುತ್ತಿತ್ತಂತೆ. ಮೂಲವ್ಯಾಧಿ ಎಂದುಕೊಂಡು ಊರಿನ ಔಷಧ ಕುಡಿದಳು, ಯಾರಿಗೂ ಹೇಳಲಿಲ್ಲ. ಹೊಟ್ಟೆ ಉಬ್ಬಿ, ನೀರು ಸಹ ವಾಂತಿಯಾಗತೊಡಗಿದಾಗ ಲಾಲಸಾಬ ಜೀಪು ಮಾಡಿಕೊಂಡು ಅವಳನ್ನು ಸೋಲಾಪುರದ ಆಸ್ಪತ್ರೆಗೆ ಕರೆದೊಯ್ದ. ದೊಡ್ಡ ಕರುಳಿನಲ್ಲಿ ಗಡ್ಡೆ, ದಾರಿಯನ್ನೇ ಮುಚ್ಚುತ್ತ ಬಂದಿದೆ, ಕ್ಯಾನ್ಸರ್ ಎಂದರು.

ಸಲೈನ್ ಏರಿಸಿ, ಮೂಗಿಗೆ ನಳಿಕೆ ಹಾಕಿ, ಉಬ್ಬರ ಇಳಿದ ಮೇಲೆ ನರ್ಸಮ್ಮ ಅವನನ್ನು ಕರೆದು ಪಥ್ಯ ಹೇಳಿದಳು. ರೊಟ್ಟಿ ಕೊಡಬೇಡಿ, ಸೊಪ್ಪು ಕೊಡಬೇಡಿ, ಕಾಳು ಕೊಡಬೇಡಿ. ಹಾಲು, ಮೆತ್ತಗಿನ ಬಿಳಿ ಅನ್ನ, ಬಿಳಿ ಬ್ರೆಡ್ಡು ಮಾತ್ರ. ಲಾಲಸಾಬ ಆಳಂದಕ್ಕೆ ಹೇಳಿಕಳಿಸಿ ತನ್ನ ಭಟ್ಟಿಯ ಬ್ರೆಡ್ಡನ್ನೇ ತರಿಸಿದ. ಆಪಾ ಅದನ್ನು ಚಹಾದಲ್ಲಿ ಅದ್ದಿ ಮಗುವಿನಂತೆ ಚೀಪಿದಳು.

"ಕಡೀಕ ನಿನ್ನ ಬ್ರೆಡ್ಡೇ ಗತಿ ಆತು ನೋಡು," ಎಂದು ನಕ್ಕಳು. "ಛಲೋ ಅದನೋ. ಇಷ್ಟ ದಿನ ಸುಳ್ಳೇ ಬಿಟ್ಟೆ."

ಆಪರೇಷನ್ ಆಯಿತು. ಆದರೆ ಅಷ್ಟರಲ್ಲಿ ರೋಗ ಲಿವರಿಗೂ ಹಬ್ಬಿತ್ತು. ಅವಳನ್ನು ಲಾಲಸಾಬ ಹಿರೋಳ್ಳಿಗೆ ಕಳಿಸದೆ ತನ್ನ ಮನೆಯಲ್ಲೇ ಇಟ್ಟುಕೊಂಡ. ಮರುವರ್ಷದ ಬೇಸಿಗೆಗೆ ಮೊದಲೇ ಅವಳು ತೀರಿಕೊಂಡಳು.

ನಲವತ್ತನೆಯ ದಿನದ ಫಾತೆಹಾ ಮುಗಿದ ಮೇಲೆ ಲಾಲಸಾಬನಿಗೆ ತಲೆ ಸುತ್ತತೊಡಗಿತು. ಶಮಶಾದ ಬಲವಂತ ಮಾಡಿ ವಾಮನರಾವ್ ಡಾಕ್ಟರ ದವಾಖಾನೆಗೆ ಕಳಿಸಿದಳು. ವಾಮನರಾಯರು ಆಳಂದದವರೇ, ಒಳ್ಳೆಯವರು. ಆದರೆ ಅವರ ಬಾಗಿಲಲ್ಲಿ ಯಾವಾಗಲೂ ಜನ, ಹಾಗಾಗಿ ಮಾತು ಓಡುನಡಿಗೆಯದು. ತೂಕದ ಯಂತ್ರದ ಮುಳ್ಳು ನೋಡಿ ಹುಬ್ಬು ಗಂಟು ಹಾಕಿದರು. ರಕ್ತದೊತ್ತಡ ನೋಡಿದರು.

"ತೀರಿಕೊಂಡವರು ಖಾಸ ಅಕ್ಕ ಏನ್ರಿ?"

"ಹೌದ್ರಿ, ಒಂದ ತಾಯಿ ಹೊಟ್ಟ್ಯಾಗ ಹುಟ್ಟಿದವ್ರು."

"ಹಂಗಾರ ನೀವು ಹುಷಾರ್ ಇರಬೇಕು. ಕರುಳಿನ ಕ್ಯಾನ್ಸರ್ ಕೆಲವು ಮನಿತನದಾಗ ಬರತದ. ಮೊದಲ ಈ ತೂಕ ಇಳಸ್ರಿ. ಮೈದಾ ಕಡಿಮಿ ಮಾಡ್ರಿ. ನಾರು ಜಾಸ್ತಿ ತಿನ್ರಿ."

"ನಾರು?" ಲಾಲಸಾಬನ ಕಣ್ಣ ಮುಂದೆ ಹಿರೋಳ್ಳಿಯ ಹಳ್ಳದಲ್ಲಿ ಕೊಳೆಹಾಕಿದ ಪುಂಡಿಕಟ್ಟಿಗೆ, ಅದರಿಂದ ಸುಲಿದು ಹಗ್ಗ ಹೊಸೆಯುವ ಬಿಳಿಯ ಎಳೆಗಳು ಬಂದು ನಿಂತವು. "ಹಗ್ಗದ ನಾರೇನ್ರಿ ಡಾಕ್ಟರ್ ಸಾಬ್?"

"ಅಲ್ರೀ. ನಿಮ್ಮ ಉರ್ದು ಮಾತಿನ್ಯಾಗ ರೇಶಾ ಅಂತಾರಲ್ಲ, ಅದು. ರೇಶಾ ಇರೋದು ತಿನ್ರಿ. ತಿಂಗಳ ಬಿಟ್ಟು ಬರ್ರಿ." ಅಷ್ಟರಲ್ಲಿ ಮುಂದಿನ ರೋಗಿ ಬಾಗಿಲಲ್ಲಿ ನಿಂತಾಗಿತ್ತು.

ರೇಶಾ ಎಂದರೆ ಲಾಲಸಾಬನಿಗೆ ಗೊತ್ತಿದ್ದದ್ದು ಒಂದೇ: ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಕಾಡುವ ನಾಟಿ ಮಾವಿನಹಣ್ಣಿನ ಎಳೆ. ಮಾವಿನ ಕಾಲವೂ ಶುರುವಾಗಿತ್ತು. ಎಲ್ಲರೂ ಎಳೆಯಿಲ್ಲದ ಹಣ್ಣು ಆರಿಸಿಕೊಂಡು ಹೋದರೆ, ಅವನು ಬುಟ್ಟಿಯ ತಳಕ್ಕೆ ಕೈ ಹಾಕಿ ಎಳೆ ತುಂಬಿದ ಹಣ್ಣನ್ನೇ ಹುಡುಕತೊಡಗಿದ. ಹೊತ್ತು ಹೊತ್ತಿಗೆ ಹಣ್ಣು ಹೀರಿದ, ಓಟೆಯ ಮೇಲೆ ಎಳೆಗಳು ಜುಂಜಾಗಿ ನಿಲ್ಲುವವರೆಗೆ ಚೀಪಿದ. ಔಷಧವೆಂದು ತಿಳಿದು ಚೀಪಿದ್ದರಿಂದ ಬೇಸರವೂ ಆಗಲಿಲ್ಲ. ತಿಂಗಳ ಮೇಲೆ ಹೋದಾಗ ಮುಳ್ಳು ಇನ್ನೂ ಮುಂದೆ ಸರಿದಿತ್ತು.

ಏನು ತಿಂದಿರಿ ಎಂದು ಕೇಳಿ ತಿಳಿದ ವಾಮನರಾಯರು ಹಣೆ ಹಿಡಿದುಕೊಂಡರು. ಆಮೇಲೆ, ಹೊರಗೆ ಜನ ಕಾಯುತ್ತಿದ್ದರೂ, ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಕಾಳಿನ ಸಿಪ್ಪೆ, ಹಿಟ್ಟಿನ ತೌಡು, ಸೊಪ್ಪಿನ ದಂಟು, ಹಣ್ಣಿನ ಸಿಪ್ಪೆ ಇವುಗಳಲ್ಲಿ ಹೊಟ್ಟೆ ಅರಗಿಸಲಾರದ ಭಾಗ ಒಂದಿರುತ್ತದೆ. ಅದೇ ನಾರು.

"ಅದು ಹೊಟ್ಟಿ ತುಂಬಸತದ, ಮೈಗೆ ಹತ್ತಂಗಿಲ್ಲ. ಕರುಳಿನ್ಯಾಗ ಇದ್ದದ್ದನ್ನ ಹೊರಗ ದೂಡಿಕೊಂಡು ಹೋಗತದ."

"ಮೈಗೆ ಹತ್ತಲಾರದ್ದು ತಿನ್ನೋದು ಯಾಕ್ರಿ?"

"ಮೈಗೆ ಹತ್ತಿದ್ದು ಭಾಳ ಆಗೇದಲ್ಲ, ಅದಕ್ಕ," ಎಂದು ಡಾಕ್ಟರು ಅವನ ಹೊಟ್ಟೆ ತೋರಿಸಿದರು. "ಜ್ವಾಳದ ರೊಟ್ಟಿ ತಿನ್ರಿ, ಪುಂಡಿಪಲ್ಯ ತಿನ್ರಿ, ಹೆಸರುಕಾಳು ತಿನ್ರಿ. ಗೋಧಿ ಹಿಟ್ಟು ಸೋಸಬ್ಯಾಡ್ರಿ. ಬೇಕಾದ್ರ ಒಂದೀಟು ತೌಡು ಕಲಸಿಕೊಳ್ರಿ."

ಜೋಳದ ರೊಟ್ಟಿ, ಪುಂಡಿಪಲ್ಯ. ಲಾಲಸಾಬ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತ. ಇದನ್ನೇ ತಿಂದು ಬೆಳೆದವಳು ಆಪಾ. ಇದನ್ನು ಬಿಟ್ಟು ಬೇರೇನೂ ತಿನ್ನದೆ ಇದ್ದವಳೂ ಆಪಾ. ತೂಕವೆಂಬುದು ಅವಳ ಮೈಮೇಲೆ ಎಂದೂ ಇರಲಿಲ್ಲ. ರೋಗ ಬಂದದ್ದು ಅವಳಿಗೆ. ತಿರುಗಿ ಒಳಗೆ ಹೋಗಿ ಕೇಳಬೇಕೆನಿಸಿತು. ಬಾಗಿಲಲ್ಲಿ ಜನ ನೋಡಿ ಬೇಕರಿಯ ದಾರಿ ಹಿಡಿದ.

ಬೇಕರಿಯ ಮಗ್ಗುಲಲ್ಲೇ ಕಲ್ಯಾಣಪ್ಪನ ಗಿರಣಿ. ಗೋಧಿ ಒಡೆದು ರವೆ ಮಾಡುತ್ತಿದ್ದ. ಉಳಿದ ತೌಡನ್ನು ಚೀಲಕ್ಕೆ ತುಂಬಿ ಎಮ್ಮೆ ಕಟ್ಟಿದವರಿಗೆ ಮಾರುತ್ತಿದ್ದ. ಲಾಲಸಾಬ ಹೋಗಿ ಒಂದು ಸೇರು ತೌಡು ಕೇಳಿದ.

"ಏನಪಾ, ಎಮ್ಮಿ ಯಾವಾಗ ತಂದಿ? ನನಗ ಹೇಳೇ ಇಲ್ಲ," ಎಂದ ಕಲ್ಯಾಣಪ್ಪ.

"ಎಮ್ಮಿ ಅಲ್ಲೋ, ನನಗ."

ಕಲ್ಯಾಣಪ್ಪ ಗಿರಣಿ ನಿಲ್ಲಿಸಿದ, ಸದ್ದಿನಲ್ಲಿ ತಪ್ಪು ಕೇಳಿಸಿರಬೇಕೆಂದು. ಎರಡನೆಯ ಸಲ ಕೇಳಿದ ಮೇಲೂ ನಂಬದೆ, ಎಲ್ಲಿ ಅಕ್ಕ ಹೋದ ದುಃಖಕ್ಕೆ ಗೆಳೆಯನ ತಲೆ ಏನಾದರೂ ಆಯಿತೋ ಎಂದು ಮುಖ ನೋಡಿದ. ತೌಡು ಕೊಟ್ಟ. ಸಂಜೆಗೆ ಶಮಶಾದಳ ಹತ್ತಿರ ಬಂದು ಮೆಲ್ಲಗೆ ವಿಚಾರಿಸಿಯೂ ಹೋದ.

ಡಾಕ್ಟರು ಒಂದೀಟು ಎಂದಿದ್ದರು. ಆದರೆ ಲಾಲಸಾಬ ಹಿಟ್ಟಿನವನು. ಹಿಟ್ಟು ಉಬ್ಬಿಸುವ ಖಮೀರ ಕಡಿಮೆ ಬಿದ್ದರೆ ಪಾವು ಏಳುವುದಿಲ್ಲವೆಂಬುದು ಅವನ ಅನುಭವ. ಒಳ್ಳೆಯದಾದರೆ ಹೆಚ್ಚೇ ಬೀಳಲಿ ಎಂದು ಬೊಗಸೆ ಬೊಗಸೆ ತೌಡು ಬಾಯಿಗೆ ಹಾಕಿಕೊಂಡು, ಚಹಾದ ಗುಟುಕಿನೊಂದಿಗೆ ನುಂಗಿದ. ನೀರು ಕುಡಿಯುವ ಅಭ್ಯಾಸ ಮೊದಲೇ ಕಡಿಮೆ. ಭಟ್ಟಿಯ ಕಾವಿನಲ್ಲಿ ಇದ್ದಬದ್ದ ನೀರೂ ಬೆವರಾಗಿ ಹೋಗುತ್ತಿತ್ತು. ವಾರ ಕಳೆಯುವುದರೊಳಗೆ ಹೊಟ್ಟೆ ನಗಾರಿಯಂತೆ ಬಿಗಿಯಿತು. ಹೊರಕಡೆಗೆ ಹೋಗುವುದು ನಿಂತೇಹೋಯಿತು. ಶುಕ್ರವಾರದ ನಮಾಜಿಗೆ ಬಾಗಲಾರದೆ ಮನೆಗೆ ಬಂದು ಹಾಸಿಗೆಯಲ್ಲಿ ಉರುಳಾಡಿದ.

"ಆಪಾಗ ಹಿಂಗೇ ಆಗಿತ್ತು," ಎಂದು ಶಮಶಾದ ಅಳತೊಡಗಿದಳು. "ಹಿಂಗೇ ಉಬ್ಬಿತ್ತು."

ಅವನೂ ಅದನ್ನೇ ಯೋಚಿಸುತ್ತಿದ್ದ. ಇಬ್ಬರೂ ರಿಕ್ಷಾದಲ್ಲಿ ದವಾಖಾನೆಗೆ ಹೋದರು. ವಾಮನರಾಯರು ಹೊಟ್ಟೆ ಒತ್ತಿ ನೋಡಿದರು, ಎನಿಮಾ ಕೊಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಇಳಿಯಿತು.

"ತೌಡಿನ ಮ್ಯಾಲ ನೀರು ಕುಡದ್ರೇನು?"

"ನೀವು ಹೇಳಿಲ್ಲಲ್ರಿ."

ಡಾಕ್ಟರು ಬೆಂಚಿನ ಹತ್ತಿರ ಬಂದು ನಿಂತರು. "ಹೌದು, ಹೇಳಿಲ್ಲ. ತಪ್ಪು ನಂದ ಅದ. ನಾರು ನೀರು ಹೀರತದ. ನೀರು ಕುಡೀಲಿಲ್ಲಂದ್ರ ಒಳಗ ಗಾರಿ ಹಂಗ ಗಟ್ಟಿ ಆಗಿ ಕುಂದರತದ. ಚಮಚ ಲೆಕ್ಕದಾಗ ಶುರು ಮಾಡ್ರಿ, ಮ್ಯಾಲಿಂದ ಮ್ಯಾಲ ನೀರು ಕುಡೀರಿ."

ಆಗ, ದವಾಖಾನೆಯ ಬೆಂಚಿನ ಮೇಲೆ ಮಲಗಿದ್ದಂತೆಯೇ, ಲಾಲಸಾಬ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೇಳಿದ.

"ಒಂದು ಮಾತು ಕೇಳ್ತೇನಿ, ಸಿಟ್ಟಿಗೆ ಬರಬ್ಯಾಡ್ರಿ. ಆಪಾ ಜೀವನಪೂರ್ತಿ ರೊಟ್ಟಿ ತಿಂದ್ಳು, ಪಲ್ಯ ತಿಂದ್ಳು. ಬಡಕಲಾಗಿದ್ಳು. ಅಕಿಗೆ ಯಾಕ ಬಂತ್ರಿ? ಸೋಲಾಪುರದಾಗ ರೊಟ್ಟಿ ಬ್ಯಾಡ, ನಾರು ಬ್ಯಾಡ, ಮೈದಾದ ಬ್ರೆಡ್ ಕೊಡ್ರಿ ಅಂದ್ರು. ನೀವು ಮೈದಾ ಬ್ಯಾಡ, ನಾರು ತಿನ್ರಿ ಅಂತೀರಿ. ಯಾವುದು ಖರೇ?"

"ಎರಡೂ ಖರೇ," ಎಂದರು ವಾಮನರಾಯರು. ದಾರಿ ಮುಚ್ಚಿದ ಕರುಳಿಗೆ ನಾರು ಆಗದು, ಅದಕ್ಕೆ ಅವರು ಬೇಡವೆಂದರು. ದಾರಿ ತೆರೆದಿರುವವರಿಗೆ ನಾರು ಬೇಕು. ಅದು ರೋಗ ಬರುವ ಸಂಭವವನ್ನು ಕಡಿಮೆ ಮಾಡುತ್ತದೆಂದು ದೊಡ್ಡ ದೊಡ್ಡ ಡಾಕ್ಟರು ಹೇಳುತ್ತಿದ್ದಾರೆ. ಎಷ್ಟು ಕಡಿಮೆ, ಯಾರಿಗೆ ಕಡಿಮೆ ಎಂಬುದು ಅವರಿಗೂ ಪೂರ್ತಿ ತಿಳಿದಿಲ್ಲ. "ನಿಮ್ಮ ಅಕ್ಕಗ ಯಾಕ ಬಂತು, ನನಗ ಗೊತ್ತಿಲ್ಲ ಲಾಲಸಾಬ. ಖರೇನ ಗೊತ್ತಿಲ್ಲ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅವನು ಮೊದಲ ಸಲ ನೋಡಿದ್ದ. ಸಿಟ್ಟು ಬರಬೇಕಿತ್ತು. ಬರಲಿಲ್ಲ; ಬರೀ ಇನ್ನಷ್ಟು ಕಂಗಾಲಾದ.

ಆದರೂ ಹೇಳಿದಂತೆ ನಡೆದ. ಶಮಶಾದ ಜೋಳದ ರೊಟ್ಟಿ ಬಡಿಯಲು ಶುರುಮಾಡಿದಳು. ಮೊದಲ ದಿನ ಒಂದೇ ತುತ್ತು ಮುರಿದ. ಹಿರೋಳ್ಳಿಯ ಒಲೆಯ ಹೊಗೆ, ತಾನು ಅತ್ತು ಕೂತಾಗ ತನ್ನ ಪಾಲಿನ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದ ಆಪಾಳ ಕೈ, ಎಲ್ಲ ನೆನಪಾಗಿ ತಟ್ಟೆ ಸರಿಸಿ ಎದ್ದುಹೋದ. ನಾಲ್ಕಾರು ದಿನಕ್ಕೆ ರೂಢಿಯಾಯಿತು. ತಿಂದರೆ ಹೊತ್ತು ಹೋದರೂ ಹಸಿವಾಗುತ್ತಿರಲಿಲ್ಲ. ಖಾರಿಯ ತಟ್ಟೆಗೆ ಕೈ ತಾನಾಗಿ ಹೋಗುವುದು ನಿಂತಿತು. ಸಂಜೆ ಕೆರೆಯ ಕಡೆ ನಡೆದು ಬರತೊಡಗಿದ. ಲುಂಗಿಯ ಗಂಟು ಮೇಲೇರಿತು, ಬನಿಯನ್ನು ಜೋತಾಡಿತು.

ಇಲ್ಲಿಂದ ಇನ್ನೊಂದು ಗೊಂದಲ ಶುರುವಾಯಿತು. ಸಣ್ಣಗಾದವನನ್ನು ಯಾರೂ ಶಹಭಾಸ್ ಎನ್ನಲಿಲ್ಲ. ಗಿರಾಕಿಗಳು ಪಾವು ಕಟ್ಟಿಸಿಕೊಳ್ಳುತ್ತ ದನಿ ತಗ್ಗಿಸಿ ಕೇಳುತ್ತಿದ್ದರು: "ಯಾಕ್ರಿ ಸಾಬ, ಸಕ್ಕರಿ ಬ್ಯಾನಿ ಹತ್ತೇತೇನು?" ಕಲ್ಯಾಣಪ್ಪ ಅವನ ಮೊಣಕೈ ಹಿಡಿದು ನೋಡಿ, "ಇಷ್ಟ ಸಾಕು ಮಾರಾಯ, ಇನ್ನ ಬಿಡು," ಎಂದ. ಶಮಶಾದ ಅವನ ಅಂಗಿಗಳ ಬಗಲು ಹಿಡಿದು ಹೊಲಿಯುತ್ತ ಕೂತಿದ್ದಾಗ ಕಣ್ಣೊರೆಸಿಕೊಳ್ಳುವುದನ್ನು ಅವನೇ ನೋಡಿದ.

"ಡಾಕ್ಟರು ಇಳಸು ಅಂದ್ರು, ಇಳಸೇನಿ. ಅಳೋದ್ಯಾಕ?"

"ಆಪಾನೂ ಮೊದಲ ಸಣ್ಣ ಆದ್ಲು. ಇದು ತೌಡಿನಿಂದ ಇಳದದ್ದೋ, ಆ ಬ್ಯಾನೀನಿಂದ ಇಳದದ್ದೋ, ಹ್ಯಾಂಗ ತಿಳಿಬೇಕು ನನಗ?"

ಅಂದಿನಿಂದ ಬನಿಯನ್ನಿನೊಳಗೆ ಗಾಳಿ ಆಡಿದಾಗೆಲ್ಲ ಲಾಲಸಾಬನಿಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯುತ್ತಿರಲಿಲ್ಲ. ತೂಕ ಇಳಿದರೆ ಭಯ, ಇಳಿಯದಿದ್ದರೆ ಡಾಕ್ಟರ ಬೈಗುಳ. ಒಂದೆರಡು ದಿನ ಹೆದರಿಕೆಗೆ ಬನ್ನು ತಿನ್ನುವನು. ಮತ್ತೆ ಅದೂ ಹೆದರಿಕೆಯಾಗಿ ತೌಡು ತಿನ್ನುವನು.

ಅಂಗಡಿಯಲ್ಲೂ ಮನಸ್ಸು ನಿಲ್ಲಲಿಲ್ಲ. ತಾನು ತಿನ್ನಬಾರದೆಂದು ಬಿಟ್ಟದ್ದನ್ನು ಊರಿಗೆಲ್ಲ ಮಾರುವುದು ಹೇಗೆ? ಒಂದು ತಗಡು ಪಾವನ್ನು ಅರ್ಧದಷ್ಟು ಸೋಸದ ಗೋಧಿ ಹಿಟ್ಟು, ಮುಷ್ಟಿ ತೌಡು ಸೇರಿಸಿ ಸುಟ್ಟ. ಅದು ಸರಿಯಾಗಿ ಏಳಲಿಲ್ಲ, ಬಣ್ಣ ಇಟ್ಟಂಗಿಯದಾಯಿತು. ಸಂಜೆಗೆ ಗಿರಾಕಿಗಳು ವಾಪಸು ತಂದರು. ಹಿಟ್ಟು ಕೆಟ್ಟಿದೆ, ಹೊಟ್ಟು ಬೆರೆಸಿದ್ದಾನೆ ಎಂದು ಒಬ್ಬ ರಸ್ತೆಯಲ್ಲೇ ಕೂಗಾಡಿದ. ಇದು ಕರುಳಿಗೆ ಒಳ್ಳೆಯದು ಎಂದು ಹೇಳಹೊರಟರೆ, "ಹಂಗಾರ ಇಷ್ಟ ವರ್ಷ ಕೊಟ್ಟದ್ದು ಕೆಟ್ಟದ್ದೇನು?" ಎಂದು ಕೇಳಿದರು. ಅದಕ್ಕೆ ಏನು ಹೇಳಬೇಕು? ಆಪಾ ಕೊನೆಯ ದಿನಗಳಲ್ಲಿ ರುಚಿಯಿಂದ ತಿಂದದ್ದು ಅದೇ ಬಿಳಿ ಬ್ರೆಡ್ಡು. ಮರುದಿನದಿಂದ ಮತ್ತೆ ಮೈದಾದ ಪಾವೇ ಸುಟ್ಟ. ತೌಡಿನದು ಬೇಕೆಂದು ಕೇಳಿ ಬರುವ ಒಬ್ಬಿಬ್ಬರು ಮುದುಕರಿಗಾಗಿ ಮಾತ್ರ ಮೂಲೆಯಲ್ಲೊಂದು ಸಣ್ಣ ತಗಡು ಇಟ್ಟ.

ಎಂಬತ್ತೆಂಟರ ಚಳಿಗಾಲದಲ್ಲಿ ಅವನಿಗೆ ರಕ್ತ ಕಂಡಿತು. ಸ್ವಲ್ಪವೇ. ಎರಡು ದಿನ ಯಾರಿಗೂ ಹೇಳಲಿಲ್ಲ. ತೌಡಿನ ಗರಸು ಒಳಗೆ ಕೆರೆದಿರಬೇಕು ಎಂದು ಸಮಾಧಾನ ಮಾಡಿಕೊಂಡ. ಮೂಲವ್ಯಾಧಿ ಇರಬೇಕು ಎಂದುಕೊಂಡ. ಹಾಗೆ ಅಂದುಕೊಂಡ ಕ್ಷಣವೇ, ಇದೇ ಮಾತನ್ನು ಆಪಾ ಹಿರೋಳ್ಳಿಯಲ್ಲಿ ತನಗೆ ತಾನೇ ಹೇಳಿಕೊಂಡಿದ್ದಳಲ್ಲ ಎಂದು ಹೊಳೆಯಿತು. ಹಿಟ್ಟು ನಾದುವುದನ್ನು ಅರ್ಧಕ್ಕೇ ಬಿಟ್ಟು ವಾಮನರಾಯರ ಹತ್ತಿರ ಹೋದ.

"ಮೂಲವ್ಯಾಧಿ ಇರಬಹುದು," ಎಂದರು ಅವರು. "ಆದ್ರ ಇರಬಹುದು ಅಂತ ಕುಂದ್ರೋದು ಬ್ಯಾಡ. ಹೈದರಾಬಾದಿನ್ಯಾಗ ಕೊಳವಿ ಹಾಕಿ ಒಳಗ ಪೂರಾ ನೋಡ್ತಾರ. ನಾಳೇನ ಹೊಂಡ್ರಿ."

ಶಮಶಾದ ಜೊತೆಗೆ ಹೊರಟಳು. ಹೈದರಾಬಾದಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಉರ್ದುವಿನಲ್ಲಿ ಮಾತಾಡಿದ್ದರಿಂದ ಅರ್ಧ ಭಯ ಇಳಿಯಿತು. ಆದರೆ ಪರೀಕ್ಷೆಗೆ ಮೊದಲಿನ ಪಥ್ಯ ಕೇಳಿದ ಕೂಡಲೇ ಅದು ತಿರುಗಿ ಏರಿತು. ತೌಡು ಬಂದ್, ರೊಟ್ಟಿ ಬಂದ್, ಸೊಪ್ಪು, ಕಾಳು ಎಲ್ಲ ಬಂದ್. ಬಿಳಿ ಬ್ರೆಡ್ಡು, ಬಿಳಿ ಅನ್ನ ತಿನ್ನಬಹುದು. ಕೊನೆಯ ದಿನ ಬರೀ ನೀರು, ಜುಲಾಬು. ಲಾಲಸಾಬ ಹೆಂಡತಿಯ ಮುಖ ನೋಡಿದ. ಸೋಲಾಪುರದ ನರ್ಸಮ್ಮ ಹೇಳಿದ ಮಾತೇ ಇದು. ಕರುಳು ಸ್ವಚ್ಛವಾಗಿದ್ದರೆ ಒಳಗೆ ಸರಿಯಾಗಿ ಕಾಣುತ್ತದೆ, ಅಷ್ಟಕ್ಕೇ ಎಂದು ಡಾಕ್ಟರು ಎರಡು ಸಲ ಬಿಡಿಸಿ ಹೇಳಿದರೂ, ವಸತಿಗೃಹದಲ್ಲಿ ಆ ಬ್ರೆಡ್ಡಿನ ತುಂಡು ಕೈಯಲ್ಲಿ ಹಿಡಿದುಕೊಂಡು ಅವನು ಬಹಳ ಹೊತ್ತು ಕೂತಿದ್ದ. ಜೀವನವೆಲ್ಲ ಮಾಡಿದ ವಸ್ತು. ತಿನ್ನಲು ಧೈರ್ಯ ಸಾಲಲಿಲ್ಲ. ಕೊನೆಗೆ ಶಮಶಾದಳೇ ಚಹಾದಲ್ಲಿ ಅದ್ದಿ ಬಾಯಿಗೆ ಇಟ್ಟಳು.

ಕೊಳವೆ ಹಾಕಿ ನೋಡಿದಾಗ ದೊಡ್ಡ ಕರುಳಿನಲ್ಲಿ ಹುಣಸೆಬೀಜದಷ್ಟು ಗಂಟು ಸಿಕ್ಕಿತು. ಹೊಟ್ಟೆ ಕೊಯ್ಯದೆಯೇ, ಆ ಕೊಳವೆಯ ಮೂಲಕವೇ ತಂತಿ ಕಳಿಸಿ ಅದನ್ನು ತೆಗೆದರು. ತಪಾಸಣೆಗೆ ಕಳಿಸಿ ಬಂದ ಮೇಲೆ ಡಾಕ್ಟರು ಕರೆದು ಹೇಳಿದರು: ಇದು ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟಿದ್ದರೆ ವರ್ಷಗಳ ಮೇಲೆ ಆಗಬಹುದಿತ್ತು, ಈಗ ಇಲ್ಲ. ಶಮಶಾದ ಅಲ್ಲೇ ಕೈಯೆತ್ತಿ ದುವಾ ಮಾಡಿದಳು.

ಲಾಲಸಾಬನಿಗೆ ಮಾತ್ರ ಕೇಳುವುದಿತ್ತು. ಈ ಗಂಟು ಮೈದಾ ತಿಂದದ್ದರಿಂದ ಬಂತೇ?

ಹೇಳಲಾಗದು ಎಂದರು ಡಾಕ್ಟರು.

ತೌಡು ತಿಂದದ್ದರಿಂದ ಸಣ್ಣದಾಗಿ ಉಳಿಯಿತೇ?

ಅದೂ ಹೇಳಲಾಗದು.

ಹಾಗಾದರೆ ತೌಡು ಬಿಡಲೇ?

ಬಿಡಬೇಡಿ. ತೂಕಕ್ಕೂ ಒಳ್ಳೆಯದು, ಕರುಳಿಗೂ ಒಳ್ಳೆಯದು. ಆದರೆ ಅದನ್ನು ನಂಬಿಕೊಂಡು ಪರೀಕ್ಷೆ ಬಿಡಬೇಡಿ. ನಿಮ್ಮ ರಕ್ತದಲ್ಲೇ ಈ ರೋಗದ ಎಳೆ ಇರಬಹುದು. ಅಕ್ಕತಂಗಿಯರು, ಅಣ್ಣತಮ್ಮಂದಿರು ಇನ್ನು ಯಾರಿದ್ದಾರೆ?

"ಒಬ್ಬ ತಂಗಿ ಇದ್ದಾಳ," ಎಂದ ಲಾಲಸಾಬ. ಉರ್ದುವಿನಲ್ಲಿ ಮಾತಾಡುತ್ತಿದ್ದವನಿಗೆ ಅದೊಂದು ಮಾತು ಕನ್ನಡದಲ್ಲೇ ಬಂತು.

ಚಾಂದಬೀಯನ್ನು ಅಫಜಲಪುರ ತಾಲೂಕಿನ ಕರಜಗಿಗೆ ಕೊಟ್ಟಿದ್ದರು. ಗಂಡನ ಮನೆಯವರದು ಕಬ್ಬಿನ ಹೊಲ, ನೀರಿನ ಅನುಕೂಲ. ಆಪಾಳ ರೊಟ್ಟಿ ತಿಂದೇ ಬೆಳೆದಿದ್ದರೂ ಅಲ್ಲಿಗೆ ಹೋದ ಮೇಲೆ ಬೆಲ್ಲ, ತುಪ್ಪ, ಅನ್ನದಲ್ಲಿ ದುಂಡಗಾಗಿದ್ದಳು. ಲಾಲಸಾಬ ಬಸ್ಸಿಳಿದು ಅಂಗಳಕ್ಕೆ ಬಂದಾಗ ಅವಳು ಅವನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

"ಭಾಯಿ, ಹಿಂಗ್ಯಾಕ ಆದಿ? ಅರ್ಧ ಉಳದಿಲ್ಲಲ್ಲ ನೀನು!"

ಅವನು ಕೂತು, ನೀರು ಕುಡಿದು, ನಡೆದದ್ದನ್ನೆಲ್ಲ ಹೇಳಿದ. ನೀನೂ ಹೈದರಾಬಾದಿಗೆ ಬಂದು ತೋರಿಸಿಕೊಳ್ಳಬೇಕು ಎಂದ. ಚಾಂದಬೀ ಒಪ್ಪಲಿಲ್ಲ. ಅಂಥ ಜಾಗದ ಪರೀಕ್ಷೆ, ಗಂಡಸು ಡಾಕ್ಟರು ಎಂದು ಮುಖ ಕೆಂಪಗಾಯಿತು. ಆಮೇಲೆ ವಾದಕ್ಕೆ ನಿಂತಳು.

"ನನಗ ಏನೂ ಆಗಿಲ್ಲ. ರಕ್ತ ಇಲ್ಲ, ನೋವಿಲ್ಲ. ಯಾಕ ಬರಲಿ?"

"ನನಗೂ ರಕ್ತ ಕಾಣೋತನಕ ಏನೂ ಅನ್ನಿಸಿದ್ದಿಲ್ಲ."

"ರೊಟ್ಟಿ ತಿನ್ನು ಅಂದ್ರ ತಿಂತೇನಿ ಬಿಡು. ತೌಡು ಅಂದ್ರ ಅದೂ ತಿಂತೇನಿ. ಅಷ್ಟ ಸಾಕಾಗಂಗಿಲ್ಲೇನು?"

"ಆಪಾ ತಿಂದಿದ್ಲು."

"ಹಂಗಾರ ತಿನ್ನಲೋ ಬ್ಯಾಡೋ?"

"ತಿನ್ನು."

"ತಿಂದ್ರ ಬರಂಗಿಲ್ಲೇನು?"

"ಗೊತ್ತಿಲ್ಲ."

"ನೀ ತಿಂದದ್ದಕ್ಕ ಉಳದಿಯೇನು?"

"ಅದೂ ಗೊತ್ತಿಲ್ಲ ಚಾಂದಾ." ಲಾಲಸಾಬ ಟೋಪಿ ತೆಗೆದು ತಲೆ ಒರೆಸಿಕೊಂಡ. ವಾಮನರಾಯರು ಹೇಳಿದ ಹಾಗೆ ಹೇಳಲು ನೋಡಿದ, ಹೈದರಾಬಾದಿನವರು ಹೇಳಿದ ಹಾಗೆ ಹೇಳಲು ನೋಡಿದ. ಎರಡೂ ಅವನ ಬಾಯಲ್ಲಿ ಕಲಸಿ ಬೇರೆಯೇ ಏನೋ ಆಯಿತು. ಕೊನೆಗೆ ಎಲ್ಲ ಬಿಟ್ಟು ಅಂದ: "ನನಗ ಒಂದೂ ಸರಿಯಾಗಿ ತಿಳಿದಿಲ್ಲ. ಆಪಾ ನನಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀನಾದ್ರೂ ನಾ ಹೇಳಿದ್ದು ಕೇಳು. ಸುಮ್ನ ನನ್ನ ಸಂಗಟ ಬಾ."

ಚಾಂದಬೀ ಎದ್ದು ನಿಂತಳು. ತೊಟ್ಟಿಲಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳಿಗೆ ಆಪಾಳೇ ತಾಯಿ. ಒಳಗೆ ಹೋದಳು. ಹೊರಬಂದಾಗ ಬುರ್ಕಾ ಹಾಕಿಕೊಂಡಿದ್ದಳು, ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು.

ಹೈದರಾಬಾದಿನಲ್ಲಿ ಹೆಂಗಸು ಡಾಕ್ಟರೊಬ್ಬರು ಸಿಕ್ಕರು. ಚಾಂದಬೀಯ ಅರ್ಧ ತಕರಾರು ಅಲ್ಲಿಗೆ ಮುಗಿಯಿತು. ಪರೀಕ್ಷೆ ನಡೆಯುವಾಗ ಲಾಲಸಾಬ ಹೊರಗಿನ ಮೆಟ್ಟಿಲ ಮೇಲೆ ಕೂತು ತಸ್ಬಿಯ ಮಣಿ ಎಣಿಸಿದ. ತಂಗಿಯ ಕರುಳು ಪೂರ್ತಿ ಸ್ವಚ್ಛ, ಏನೂ ಇಲ್ಲ ಎಂದರು. ಕೆಲವು ವರ್ಷ ಬಿಟ್ಟು ಮತ್ತೆ ತೋರಿಸಿ, ತೂಕ ಇಳಿಸಿ, ನಾರಿರುವುದನ್ನು ತಿನ್ನಿ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಚಾಂದಬೀ ನಿರಾಳವಾಗಿ ಅಣ್ಣನ ಭುಜಕ್ಕೊರಗಿ ನಿದ್ದೆ ಹೋದಳು. ಲಾಲಸಾಬನಿಗೆ ನಿದ್ದೆ ಬರಲಿಲ್ಲ. ಒಬ್ಬಳು ರೊಟ್ಟಿ ತಿಂದು ಹೋದಳು. ಒಬ್ಬಳು ಬೆಲ್ಲ, ತುಪ್ಪ ತಿಂದು ಚೆನ್ನಾಗಿದ್ದಾಳೆ. ಮೈದಾ ತಿಂದು, ಆಮೇಲೆ ತೌಡು ತಿಂದು, ನಡುವೆ ಸಿಕ್ಕವನು ತಾನು. ಮೂವರನ್ನೂ ಎದುರಿಗೆ ಸಾಲಾಗಿ ಕೂರಿಸಿಕೊಂಡು ಎಷ್ಟು ಯೋಚಿಸಿದರೂ ಒಂದು ಇನ್ನೊಂದಕ್ಕೆ ಕೂಡಿಬರಲಿಲ್ಲ. ಜಹೀರಾಬಾದಿನವರೆಗೂ ಹಾಗೇ ಯೋಚಿಸಿದ. ಹುಮನಾಬಾದಿನಲ್ಲಿ ಬಸ್ಸು ನಿಂತಾಗ ತಂಗಿ ಎದ್ದು ಹಸಿವು ಎಂದಳು. ಅವನು ಇಳಿದು ಗಾಡಿಗಳ ನಡುವೆ ಸುತ್ತಾಡಿ, ಸಿಪ್ಪೆ ಸಮೇತ ಬೇಯಿಸಿದ ಶೇಂಗಾ ಒಂದು ಪೊಟ್ಟಣ ಕಟ್ಟಿಸಿದ.

"ಇದರಾಗ ನಾರು ಅದ ಏನು?" ಎಂದು ಕೇಳಿದಳು ಚಾಂದಬೀ.

"ಇರಬೇಕು," ಎಂದ. "ಮ್ಯಾಲಿನ ಸಿಪ್ಪಿ ಬಿಟ್ಟು ತಿನ್ನು. ಮತ್ತ ನೀರು ಕುಡಿ."